ಸ್ಕಾಟ್ಲೆಂಡಿನಲ್ಲಿ ಟ್ರೌಟ್ ಇಲ್ಲ

"ಟ್ರೌಟ್ ಮೀನು ಹಿಡಿಯುವುದನ್ನು ಕಲಿಯುತ್ತಿದ್ದೇನೆ" ಎಂದು ಬೋಪಣ್ಣ ಘೋಷಿಸಿದಾಗ ಕುಟ್ಟಪ್ಪ ಕಾಫಿ ಲೋಟ ಕೆಳಗಿಟ್ಟ.

"ಎಲ್ಲಿ?"

"ಸದ್ಯಕ್ಕೆ ನಮ್ಮ ಕಾಫಿ ಕಣದಲ್ಲಿ."

ಯಾರೂ ನಗಲಿಲ್ಲ. ಬೋಪಣ್ಣ ಹಿಂದೆ ಸೈಕಲ್ ತುಳಿದದ್ದು, ಜೇನು ಸಾಕಿದ್ದು, ಹುಳಿ ಬ್ರೆಡ್ಡು ಬೇಯಿಸಿದ್ದು ಎಲ್ಲವನ್ನೂ ಕಂಡವರು ಇವರು.

"ಇದು ಗಾಳ ಹಾಕಿ ಕೂರುವ ಕೆಲಸವಲ್ಲ, ಫ್ಲೈ ಫಿಷಿಂಗ್" ಎಂದು ಅವನು ಮುಂದುವರಿಸಿದ. "ಕೊಕ್ಕೆಗೆ ಪುಕ್ಕ ಸುತ್ತಿ ನೊಣ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ತೂಕವೆಲ್ಲ ದಾರದಲ್ಲಿ. 9 ಅಡಿಯ ಕೋಲನ್ನು ಗಡಿಯಾರದ 10ಕ್ಕೂ 2ಕ್ಕೂ ನಡುವೆ ಮಾತ್ರ ಆಡಿಸಬೇಕು. ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಹೊಸಬರು ಎಡವುವುದೇ ಅಲ್ಲಿ, ಕಾಯುವುದಿಲ್ಲ."

"ಪುಕ್ಕ ಮೀನಿಗಾದರೆ, ಕೋಳಿ ಯಾರಿಗೆ?" ಎಂದ ಸೋಮಣ್ಣ.

"ಅದಿರಲಿ. ಇದುವರೆಗೆ ಏನೇನು ಬಿತ್ತು?" ಎಂದ ಕುಟ್ಟಪ್ಪ.

"ಎರಡು ರೋಬಸ್ಟಾ ಗಿಡ, ಒಂದು ಸಿಲ್ವರ್ ಓಕ್. ಒಣಗಲು ಹಾಕಿದ್ದ ಹೆಂಡತಿಯ ಸೀರೆ. ಆಮೇಲೆ ಕೊಕ್ಕೆ ತೆಗೆದು ಉಣ್ಣೆಯ ತುಂಡು ಕಟ್ಟಿಕೊಂಡಿದ್ದೇನೆ. ಕಲಿಯುವವರು ಹಾಗೇ ಮಾಡಬೇಕಂತೆ."

"ಕೊಕ್ಕೆ ಇಲ್ಲ, ನೀರಿಲ್ಲ, ಮೀನಿಲ್ಲ. ಕೋಲೊಂದನ್ನು ಯಾಕೆ ಉಳಿಸಿಕೊಂಡೆ?"

"ಅದಕ್ಕೆ ಇನ್ನೂ ಕಂತು ಕಟ್ಟುತ್ತಿದ್ದೇನೆ."

ಕೋಲಿನ ಜೊತೆಗೆ ಎದೆಯವರೆಗೆ ಬರುವ ರಬ್ಬರ್ ಷರಾಯಿಯೂ, ಮೈತುಂಬ ಜೇಬುಗಳಿರುವ ಅಂಗಿಯೂ, ನೀರಿನ ಮೇಲಿನ ಹೊಳಪನ್ನು ಕಳೆದು ಒಳಗಿನ ಮೀನನ್ನು ತೋರಿಸುವ ಪೋಲರಾಯ್ಡ್ ಕನ್ನಡಕವೂ ಬಂದಿವೆಯೆಂದು ವಿಚಾರಣೆಯಲ್ಲಿ ತಿಳಿಯಿತು. ಸದ್ಯಕ್ಕೆ ಆ ಕನ್ನಡಕದಿಂದ ಕಣದ ಸಿಮೆಂಟನ್ನು ನೋಡಲಾಗುತ್ತಿದೆ.

"ಕೊಡಗಿನಲ್ಲಿ ಟ್ರೌಟ್ ಎಲ್ಲಿದೆ ಬೋಪಣ್ಣ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

"ಇರಲೇಬೇಕು ಮೇಷ್ಟ್ರೇ. ಭಾರತದ ಸ್ಕಾಟ್ಲೆಂಡ್ ಎಂದು ಪ್ರತಿ ಹೋಮ್‌ಸ್ಟೇ ಫಲಕದಲ್ಲೂ ಬರೆದಿದೆಯಲ್ಲ!"

ಕುಟ್ಟಪ್ಪ ಈ ಮಾತಿಗೇ ಕಾದಿದ್ದವನಂತೆ ಎದ್ದು ಕುಳಿತ. "ಅಸಲು ಸ್ಕಾಟ್ಲೆಂಡ್ 1900ರಲ್ಲಿ ಟ್ರೌಟ್ ಮೊಟ್ಟೆ ಕಳಿಸಿತು. ಎಲ್ಲಿಗೆ? ಕಾಶ್ಮೀರಕ್ಕೆ. ನಮಗೆ ಬಿರುದು, ಅವರಿಗೆ ಮೀನು. ನೀಲಗಿರಿಯಲ್ಲಿ ಫ್ರಾನ್ಸಿಸ್ ಡೇ ಎಂಬಾತ 1863ರಲ್ಲೇ ಪ್ರಯತ್ನ ಶುರು ಮಾಡಿ ಸೋತ. ಕೊನೆಗೆ 1907ರಲ್ಲಿ ವಿಲ್ಸನ್ ಎಂಬವನು ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಕಟ್ಟಿದ ಮೇಲೆ ಅಲ್ಲಿ ಮೀನು ನಿಂತಿತು. ಇಂಗ್ಲಿಷರಿಗೇ ನಾಲ್ಕು ದಶಕ ಹಿಡಿದ ಕೆಲಸವನ್ನು ನೀನು ಕಂತು ಮುಗಿಯುವುದರೊಳಗೆ ಮುಗಿಸುತ್ತೀಯಾ?"

"ನಮ್ಮ ತೋಡಿನ ನೀರೂ ತಣ್ಣಗಿದೆ."

"ನಿನ್ನ ಕಾಲಿಗೆ ತಣ್ಣಗಿದೆ. ಟ್ರೌಟ್‌ಗೆ ನೀರು 20 ಡಿಗ್ರಿ ದಾಟಿದರೆ ಏದುಸಿರು, 25ರ ಹತ್ತಿರ ಬಂದರೆ ಪ್ರಾಣ ಸಂಕಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಅವಲಾಂಚೆ 2,000 ಮೀಟರ್ ಎತ್ತರದಲ್ಲಿದೆ. ನಮ್ಮ ತಡಿಯಂಡಮೋಳ್ ಶಿಖರದ ತುದಿಯೇ 1,748. ಅಂದರೆ ಕೊಡಗಿನಲ್ಲೇ ಎತ್ತರದ ಬೆಟ್ಟದ ನೆತ್ತಿಯ ಮೇಲೆ ನಿಂತರೂ ಟ್ರೌಟ್ ಇನ್ನೂ ಮೇಲೆ ಇರುತ್ತದೆ, ನೀನು ಕೆಳಗೆ ಕೋಲು ಬೀಸುತ್ತಿರುತ್ತೀಯೆ."

"ವಾಲ್ನೂರಿಗೆ ಹೋಗಬಹುದಲ್ಲ?" ಎಂದ ಸೋಮಣ್ಣ. "ಅಲ್ಲಿ ಕಾವೇರಿಯಲ್ಲಿ ಬಿಳಿಮೀನು, ಅಂದರೆ ಮಹಶೀರ್. ಪರವಾನಗಿ ತೆಗೆದುಕೊಂಡು ಹಿಡಿದವರಿದ್ದಾರೆ."

"ಅದು ರಾಗಿಮುದ್ದೆಗೆ ಬರುವ ಮೀನು" ಎಂದ ಬೋಪಣ್ಣ, ಮೂಗು ಮುರಿದು.

"ಹೌದು, ನಮ್ಮ ಮೀನು ಮುದ್ದೆ ತಿನ್ನುತ್ತದೆ. ಅದಕ್ಕೇ ನಿನ್ನ ಕಣ್ಣಿಗೆ ಹಳ್ಳಿಯದಾಯಿತು" ಎಂದ ಕುಟ್ಟಪ್ಪ. "ಕಾವೇರಿ, ಅದರ ಉಪನದಿಗಳನ್ನು ಬಿಟ್ಟರೆ ಬೇರೆ ನೀರು ಗೊತ್ತಿಲ್ಲದ ಮೀನು, ಡುಬ್ಬದ ಮಹಶೀರ್. 2018ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಅದು ಹೋಗುತ್ತಿದ್ದರೂ ತಿರುಗಿ ನೋಡದವನು ಇಲ್ಲದ ಟ್ರೌಟ್‌ಗೆ ಷರಾಯಿ ಹೊಲಿಸಿಕೊಂಡಿದ್ದಾನೆ."

ಬೋಪಣ್ಣ ಮಾತು ಬದಲಿಸಿದ. ಟ್ರೌಟ್ ಹರಿವಿಗೆ ಮುಖ ಕೊಟ್ಟು ನಿಲ್ಲುತ್ತದೆ, ತೇಲಿ ಬರುವ ಹುಳುವಿಗಾಗಿ; ಆದ್ದರಿಂದ ಕೆಳಗಿನಿಂದ, ಬೆನ್ನ ಹಿಂದಿನಿಂದ ಹೋಗಬೇಕು ಎಂದ. ಹಿಡಿದ ಮೇಲೆ ಒಣಗೈಯಲ್ಲಿ ಮುಟ್ಟಬಾರದು, ಮೈಯ ಲೋಳೆ ಹೋದರೆ ಮೀನಿಗೆ ರೋಗ ಬರುತ್ತದೆ. ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ಒಂದು ಫೋಟೋ. ಆಮೇಲೆ ನೀರಿಗೆ.

"ನೀರಿಗೆ ಯಾಕೆ?" ಎಂದು ಸೋಮಣ್ಣ ಬೆಚ್ಚಿದ.

"ಬಿಡುವುದಕ್ಕೆ."

"ಹಾಗಾದರೆ ನಾನೂ ಬರಬಹುದು!" ಎಂದು ಮೇಷ್ಟ್ರು ಹುರುಪಾದರು. ಹುಟ್ಟಿನಿಂದ ಶಾಕಾಹಾರಿಯಾದ ಅವರನ್ನು ಮೀನಿನ ವಿಷಯದಲ್ಲಿ ಯಾರೂ ಒಂದು ಮಾತು ಕರೆದವರಲ್ಲ.

"ಬನ್ನಿ ಮೇಷ್ಟ್ರೇ" ಎಂದ ಕುಟ್ಟಪ್ಪ. "ನೀವು ಹಿಡಿಯದೆಯೇ ಬಿಟ್ಟವರು. ಅವನಿಗಿಂತ ಮುಂದಿನ ತರಗತಿ."

ಹೊರಗೆ ಮಳೆ ಜೋರಾಯಿತು. ಕುಟ್ಟಪ್ಪ ತನಗೇ ಹೇಳಿಕೊಳ್ಳುವಂತೆ ಶುರು ಮಾಡಿದ. "ಇಂಥ ಮಳೆಗೆ ತೋಡು ತುಂಬಿ, ಗದ್ದೆಯಿಂದ ಗದ್ದೆಗೆ ಮೀನು ನೀರಿಗೆದುರಾಗಿ ಹತ್ತಿ ಬರುತ್ತಿತ್ತು. ಸಂಜೆ ಬದುವಿನ ಬಾಯಿಗೆ ಬಿದಿರಿನ ಕೂಳಿ ಇಟ್ಟು ಬಂದರೆ ಬೆಳಗ್ಗೆ ಅದರೊಳಗೆ ಗಲಾಟೆ. ಬೆರಳುದ್ದದ ಕೊಯಿಲೆ ಮೀನು, ನಡುವೆ ಒಂದೆರಡು ಸಿಟ್ಟಿನ ಏಡಿ. ಅಜ್ಜಿ ಹುಳಿಗೆ ಕಾಚಂಪುಳಿ ಹಾಕಿ ಕುದಿಸಿದರೆ ಅಕ್ಕಿರೊಟ್ಟಿ ಎಷ್ಟಿದ್ದರೂ ಸಾಲುತ್ತಿರಲಿಲ್ಲ."

"ನಿಮ್ಮ ಆ ಗದ್ದೆ?" ಎಂದರು ಮೇಷ್ಟ್ರು.

"ಶುಂಠಿಗೆ ಗುತ್ತಿಗೆ ಕೊಟ್ಟಿದ್ದೆವು. ಅದಕ್ಕೆ ಹೊಡೆದ ಔಷಧವೆಲ್ಲ ತೋಡಿಗೇ ಇಳಿಯಿತು."

"ನಮ್ಮದು ಪಾಳು" ಎಂದ ಬೋಪಣ್ಣ.

ಎಲ್ಲರೂ ಸೋಮಣ್ಣನತ್ತ ನೋಡಿದರು. ಅವನ ಗದ್ದೆಯಲ್ಲಿ ಹೋಮ್‌ಸ್ಟೇ ಎದ್ದಿದೆ, ಫಲಕದಲ್ಲಿ ಸ್ಕಾಟ್ಲೆಂಡ್ ಇದೆ. ಅವನು ಗಂಟಲು ಸರಿಪಡಿಸಿಕೊಂಡ.

"ಬೋಪಣ್ಣ, ಒಂದು ಮಾತು. ಶನಿವಾರ, ಭಾನುವಾರ ಆ ಷರಾಯಿ ತೊಟ್ಟು ನಮ್ಮ ಹೋಮ್‌ಸ್ಟೇ ಮುಂದಿನ ತೋಡಿನಲ್ಲಿ ನಿಂತು ಕೋಲು ಬೀಸುತ್ತೀಯಾ? ಬೆಂಗಳೂರಿನವರು ಫೋಟೋ ತೆಗೆದುಕೊಳ್ಳುತ್ತಾರೆ. ಮೀನು ಬೀಳಬೇಕೆಂದೇನೂ ಇಲ್ಲ."

"ಎಷ್ಟು ಕೊಡುತ್ತೀಯೆ?" ಎಂದು ಬೋಪಣ್ಣನ ಪರವಾಗಿ ಕುಟ್ಟಪ್ಪನೇ ಕೇಳಿದ. "ಕೋಲಿನ ಕಂತು ನೀನೇ ಕಟ್ಟಬೇಕು. ಸೀರೆ ಸಿಕ್ಕಿಬಿದ್ದರೆ ಅದರ ಹೊಣೆಯೂ ನಿನ್ನದೇ."