ಪ್ರಶ್ನೋತ್ತರ: ಹಳೆಯ ಜೀಪ್ ಪಿಕಪ್‌ಗಳ ಕ್ಲಚ್ ಸದ್ದು

ಮೇಸ್ತ್ರಿ (ಕೋಲಾರ): ಇಂದು ಸಂಜೆಯವರೆಗೆ ಕ್ಲಚ್‌ಗೆ ಸಂಬಂಧಿಸಿದ ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ. ವಾಹನ ಯಾವುದು, ಪೆಡಲಿನಿಂದ ಕ್ಲಚ್ ಬಿಡಿಸುವ ಫೋರ್ಕಿನವರೆಗೆ ಇರುವುದು ರಾಡೋ ಕೇಬಲ್ಲೋ ಹೈಡ್ರಾಲಿಕ್ಕೋ, ಎಂಜಿನ್ ಆರಿಸಿದಾಗಲೂ ಸದ್ದು ಬರುತ್ತದೆಯೋ ಇಲ್ಲವೋ, ಇಷ್ಟನ್ನು ತಿಳಿಸಿ ಕೇಳಿದರೆ ಇಬ್ಬರ ಸಮಯವೂ ಉಳಿಯುತ್ತದೆ.

ಮಾಲೂರಿನ ಸದಸ್ಯರು: ನಮಸ್ಕಾರ ಸರ್. ನಮ್ಮ ತಂದೆಯವರ ಕಾಲದ ಪೆಟ್ರೋಲ್ ಜೀಪ್ ಪಿಕಪ್‌ನಲ್ಲಿ ಕ್ಲಚ್ ಒತ್ತಿದಾಗ ಕಿರ್ರೆಂಬ ಸದ್ದು ಬರುತ್ತದೆ, ಎಂಜಿನ್ ಆರಿಸಿದರೂ ಬರುತ್ತದೆ. ಗೇರು ಸಲೀಸಾಗಿ ಬೀಳುತ್ತದೆ. ರಿಲೀಸ್ ಬೇರಿಂಗ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಎಂದು ಒಬ್ಬರು ಹೇಳಿದ್ದಾರೆ. ಇಳಿಸಬೇಕೇ?

ಮೇಸ್ತ್ರಿ: ಇಳಿಸಬೇಡಿ. ಪೆಡಲ್ ಒತ್ತಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಎಂಜಿನ್ ನಿಂತಿರುವಾಗ ತಿರುಗುವುದೇ ಇಲ್ಲ, ಆದ್ದರಿಂದ ಆ ಸದ್ದಿಗೆ ಅದನ್ನು ಮೊದಲು ಹೊಣೆ ಮಾಡುವುದು ಸರಿಯಲ್ಲ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಪೆಡಲ್ ಶಾಫ್ಟ್, ರಾಡಿನ ಎರಡು ತುದಿಯ ಪಿನ್ನುಗಳು, ಪೆಡಲಿನ ಒತ್ತನ್ನು ಫೋರ್ಕಿಗೆ ದಾಟಿಸುವ ಅಡ್ಡ ಟ್ಯೂಬಿನ ಎರಡು ತುದಿಯ ಗುಂಡುಗಳು, ಇವುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಲಿ. ಕಿರುಗುಟ್ಟುವ ಜಾಗ ಬೆರಳಿಗೆ ನಡುಗಿ ತಿಳಿಯುತ್ತದೆ. ಹೊರಗೆ ಎಲ್ಲಿಯೂ ಸಿಗದಿದ್ದರೆ ಮಾತ್ರ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್ ಒಳಗಿನ ಫೋರ್ಕಿನ ಆಧಾರವೋ, ಬೇರಿಂಗ್ ಜಾರುವ ಸ್ಲೀವೋ ಒಣಗಿದೆ ಎಂದು ತಿಳಿಯಬೇಕು.

ಎಂಜಿನ್ ಓಡುವಾಗ ಮಾತ್ರ ಬರುವ ಸದ್ದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಮತ್ತೆ ಕೇಳಬೇಡಿ. ನ್ಯೂಟ್ರಲ್‌ನಲ್ಲಿ ಪೆಡಲ್ ಮುಟ್ಟದಿರುವಾಗ ಕೇಳಿಸಿ, ಪೂರ್ತಿ ಒತ್ತಿದರೆ ನಿಲ್ಲುವ ಗೊರಗೊರ ಸದ್ದು ಗೇರ್‌ಬಾಕ್ಸಿನ ಮುಂದಿನ ಬೇರಿಂಗಿನದು. ಫ್ರೀ ಪ್ಲೇ (ಪೆಡಲಿನ ಮೊದಲ ಸಡಿಲು ಓಟ) ಮುಗಿದು ಪೆಡಲ್ ಬಿಗಿಯಾಗುವ ಕ್ಷಣದಲ್ಲಿ ಶುರುವಾಗುವುದು ರಿಲೀಸ್ ಬೇರಿಂಗಿನದು. ಗೇರಿನಲ್ಲಿಟ್ಟು ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದಾಗ ಮಾತ್ರ ಕೇಳಿಸುವುದು ಬಹುಮಟ್ಟಿಗೆ ಫ್ಲೈವೀಲ್ ನಡುವೆ ಗೇರ್‌ಬಾಕ್ಸ್ ಶಾಫ್ಟಿನ ತುದಿಯನ್ನು ಹೊರುವ ಪೈಲಟ್ ಬುಷ್‌ನದು, ಏಕೆಂದರೆ ಆಗ ಎಂಜಿನ್ ತಿರುಗುತ್ತಿದ್ದು ಗೇರ್‌ಬಾಕ್ಸಿನ ಶಾಫ್ಟ್ ನಿಂತಿರುತ್ತದೆ.

ಮುಳಬಾಗಿಲಿನ ಸದಸ್ಯರು: ಸರ್, ಕ್ಲಚ್ ಒತ್ತಿದರೆ ಸದ್ದು ಬರುತ್ತದೆ. ಕಾರಣವೇನು?

ಮೇಸ್ತ್ರಿ: ಎಂಜಿನ್ ಆರಿಸಿ ಒತ್ತಿ ನೋಡಿ. ಉಳಿದದ್ದು ಮೇಲೆಯೇ ಇದೆ.

ಶ್ರೀನಿವಾಸಪುರದ ಸದಸ್ಯರು: ಮೇಸ್ತ್ರಿಗಳಿಗೆ ವಂದನೆಗಳು. ನಮ್ಮದು ವಿಲ್ಲೀಸ್ ಮಾದರಿಯ ಹಳೆಯ ಜೀಪ್ ಪಿಕಪ್, 4 ಸಿಲಿಂಡರಿನ ಪೆಟ್ರೋಲ್ ಎಂಜಿನ್, 3 ಗೇರು. ಮೊದಲು 6 ವೋಲ್ಟ್ ಇತ್ತು, ಈಗ 12 ವೋಲ್ಟ್‌ಗೆ ಬದಲಾಯಿಸಿದ್ದೇವೆ. ಮಾವಿನ ಕಾಲದಲ್ಲಿ ತೋಟದಿಂದ ಮಂಡಿಗೆ ಕ್ರೇಟುಗಳನ್ನು ಇದರಲ್ಲೇ ಸಾಗಿಸುತ್ತೇವೆ. ಕಳೆದ ವರ್ಷ ಎಂಜಿನ್ ಇಳಿಸಿ ಪಿಸ್ಟನ್ ರಿಂಗ್ ಹಾಕಿಸಿದ ಮೇಲೆ ಕ್ಲಚ್ ಒತ್ತುವಾಗ ಅಡಿಯಲ್ಲಿ ಗರಗರ ಸದ್ದು ಬರತೊಡಗಿತು. ಎಂಜಿನ್ ಆರಿಸಿದರೂ ಬರುತ್ತದೆ. ಗ್ರೀಸ್ ಹೊಡೆದರೆ ಕೆಲವು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ, ತೆಗೆದು ನೋಡಿದರೆ ಗ್ರೀಸ್ ಕರ್ರಗೆ ಸುಟ್ಟಂತಿರುತ್ತದೆ. ಈಗ ರಿವರ್ಸ್ ಹಾಕುವಾಗ ಹಲ್ಲು ಕಡಿಯುತ್ತದೆ. ಏರಿನಲ್ಲಿ ಭಾರ ಹೊತ್ತು ಹೊರಟರೆ ಟಕ್ಕೆಂದು ಬಡಿದಂತಾಗಿ ಪೆಡಲ್ ಕಾಲಿಗೆ ಒದೆಯುತ್ತದೆ. ಸ್ಟಾರ್ಟರ್ ಕೂಡ ನಿಧಾನವಾಗಿದೆ, ಅದು ಬೇರೆ ವಿಚಾರವಿರಬಹುದು. ಅಡ್ಡ ಟ್ಯೂಬಿನ ಗುಂಡು ಮತ್ತು ರಾಡಿನ ಪಿನ್ನಿನ ಚಿತ್ರ ಹಾಕಿದ್ದೇನೆ.

ಬಂಗಾರಪೇಟೆಯ ಸದಸ್ಯರು: ಇದಕ್ಕೆ ಸುಲಭ ಉಪಾಯ ನನಗೆ ಬಂದಿದೆ, ಹಂಚಿಕೊಳ್ಳುತ್ತಿದ್ದೇನೆ. ಬೆಲ್ ಹೌಸಿಂಗ್ ಕಿಂಡಿಯಿಂದ ಒಳಗೆ ಒಂದು ಲೋಟ ಸೀಮೆಎಣ್ಣೆ, ಅರ್ಧ ಲೋಟ ಹಳೆಯ ಎಂಜಿನ್ ಆಯಿಲ್ ಬಿಟ್ಟು ಕ್ಲಚ್ಚನ್ನು ಇಪ್ಪತ್ತು ಸಲ ಒತ್ತಿದರೆ ಯಾವ ಸದ್ದೂ ಉಳಿಯುವುದಿಲ್ಲ.

ಮೇಸ್ತ್ರಿ: ಸದ್ದು ಉಳಿಯುವುದಿಲ್ಲ, ಕ್ಲಚ್ಚೂ ಉಳಿಯುವುದಿಲ್ಲ. ಎಣ್ಣೆ ಕುಡಿದ ಕ್ಲಚ್ ಪ್ಲೇಟ್ ಜಾರುತ್ತದೆ, ಇಲ್ಲವೇ ಹೊರಡುವಾಗ ಇಡೀ ಗಾಡಿಯನ್ನು ನಡುಗಿಸುತ್ತದೆ. ಲೈನಿಂಗಿನೊಳಗೆ ಇಳಿದ ಎಣ್ಣೆಯನ್ನು ತೊಳೆದು ತೆಗೆಯಲಾಗದೆ ಪ್ಲೇಟನ್ನೇ ಬದಲಿಸಬೇಕಾಗುತ್ತದೆ. ಮೇಲಾಗಿ, ಬಿಸಿ ಎಂಜಿನ್ ಪಕ್ಕದಲ್ಲಿ ಸೀಮೆಎಣ್ಣೆ ಸುರಿಯಲು ಹೇಳುವವರು ಬೆಂಕಿಯ ವಿಷಯವನ್ನು ಒಂದು ಸಾಲಿನಲ್ಲಾದರೂ ಬರೆದಿದ್ದಾರೆಯೇ? ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಶ್ರೀನಿವಾಸಪುರದವರೇ, ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಸ್ಟಾರ್ಟರ್ ಬೇರೆ ವಿಚಾರವಲ್ಲ, ನನಗೆ ತೋರುವಂತೆ ನಿಮ್ಮ ರೋಗದ ಮೂಲವೇ ಅಲ್ಲಿದೆ. ಬರೀ ತಿಕ್ಕಿ ಸವೆದ ಗುಂಡು ಒಂದು ಬದಿಯಲ್ಲಿ ನುಣುಪಾಗಿ ಚಪ್ಪಟೆಯಾಗಿರುತ್ತದೆ. ನಿಮ್ಮ ಗುಂಡಿನ ಮೇಲೆ ಸಿಡುಬಿನ ಕಲೆಗಳಂತೆ ಸಣ್ಣ ಗುಳಿಗಳಿವೆ, ಅವುಗಳ ಅಂಚು ನೀಲಿಗಪ್ಪಾಗಿದೆ. ಅದು ಕರೆಂಟು ಹಾಯ್ದು ಕಿಡಿ ಹಾರಿದ ಗುರುತು.

ಬ್ಯಾಟರಿಯ ಅರ್ತ್ ಕೇಬಲ್ ಚಾಸಿಸ್‌ಗೆ ಬಿಗಿದಿರುತ್ತದೆ. ಸ್ಟಾರ್ಟರ್ ಕುಳಿತಿರುವುದು ಎಂಜಿನ್ ಮೇಲೆ, ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕಾಗಿಯೇ ಎಂಜಿನ್‌ನಿಂದ ಚಾಸಿಸ್‌ಗೆ ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದು ಇರುತ್ತದೆ. ಎಂಜಿನ್ ಇಳಿಸಿದಾಗ ಅದನ್ನು ಬಿಚ್ಚಿ, ಕೂರಿಸುವಾಗ ಮರೆತರೆ, ಸ್ಟಾರ್ಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟು ಎಂಜಿನ್ ಮತ್ತು ಚಾಸಿಸ್ ನಡುವೆ ಲೋಹ ಮುಟ್ಟಿಕೊಂಡಿರುವ ದಾರಿಯನ್ನು ಹುಡುಕಿಕೊಳ್ಳುತ್ತದೆ. ಆಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಎಲ್ಲವೂ ಅಂಥ ದಾರಿಗಳೇ. ನಿಮ್ಮ ಗಾಡಿಯಲ್ಲಿ ದೊಡ್ಡ ದಾರಿಯೆಂದರೆ ಒಂದು ತುದಿ ಗೇರ್‌ಬಾಕ್ಸ್ ಕಡೆಗೂ ಇನ್ನೊಂದು ತುದಿ ಚಾಸಿಸ್‌ಗೂ ಆತುಕೊಂಡಿರುವ ಕ್ಲಚ್ಚಿನ ಅಡ್ಡ ಟ್ಯೂಬು. ಗುಂಡಿನ ಸಣ್ಣ ಜಾಗದಲ್ಲಿ ಅಷ್ಟು ಕರೆಂಟು ನುಗ್ಗಿದಾಗ ಗ್ರೀಸ್ ಸುಡುತ್ತದೆ, ಲೋಹ ಚಿಮ್ಮುತ್ತದೆ, ಗುಳಿಬಿದ್ದ ಗುಂಡು ಸಾಕೆಟ್ಟನ್ನು ಅರದಂತೆ ಉಜ್ಜುತ್ತದೆ. ಸಡಿಲವಾದಷ್ಟೂ ಪೆಡಲಿನ ಓಟ ಅಲ್ಲಿಯೇ ವ್ಯರ್ಥವಾಗಿ, ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಕಡಿಯುತ್ತದೆ.

ಪರೀಕ್ಷೆ ಹೀಗೆ ಮಾಡಿ. ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಸ್ಟಾರ್ಟ್ ಆಗದಂತೆ ಕಾಯಿಲ್ ವೈರು ತೆಗೆಯಿರಿ. ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಕೆರೆದ ಜಾಗಕ್ಕೂ ಇನ್ನೊಂದನ್ನು ಚಾಸಿಸ್‌ನ ಕೆರೆದ ಜಾಗಕ್ಕೂ ಹಿಡಿಯಿರಿ, ಬಣ್ಣದ ಮೇಲಲ್ಲ. ಇನ್ನೊಬ್ಬರು ಸ್ಟಾರ್ಟರ್ ತಿರುಗಿಸಲಿ. 0.2 ವೋಲ್ಟ್ ಒಳಗಿದ್ದರೆ ನನ್ನ ಊಹೆ ಸುಳ್ಳು, ಅದಕ್ಕಿಂತ ಬಹಳ ಹೆಚ್ಚಿದ್ದರೆ ಪಟ್ಟಿ ಇಲ್ಲ ಅಥವಾ ತುಕ್ಕು ಹಿಡಿದಿದೆ.

ಏರಿನಲ್ಲಿ ಬಡಿಯುವುದು ಎಂಜಿನ್ ಮೌಂಟಿಂಗ್ ರಬ್ಬರ್ ಸತ್ತಿರುವುದರಿಂದ ಇರಬೇಕು. ಎಂಜಿನ್ ತಿರುಚಿಕೊಂಡಾಗ ಟ್ಯೂಬಿನ ಒಂದು ತುದಿ ಎಂಜಿನ್ ಜೊತೆಗೆ ಸರಿಯುತ್ತದೆ, ಚಾಸಿಸ್ ಕಡೆಯ ತುದಿ ಸರಿಯುವುದಿಲ್ಲ, ಹಾಗಾಗಿ ಪೆಡಲ್ ತಾನಾಗಿ ಒದೆಯುತ್ತದೆ. ಎಂಜಿನ್ ಹಿಂದೆ ಮುಂದೆ ಸರಿಯದಂತೆ ಕಂಪನಿಯವರೇ ಕೊಟ್ಟಿದ್ದ ತಡೆ ಕೇಬಲ್ ಇದೆಯೇ ಎಂದೂ ನೋಡಿ.

ನನ್ನನ್ನು ನಿಜವಾಗಿ ಹೆದರಿಸಿದ್ದು ಎರಡನೆಯ ಚಿತ್ರ. ಪಿನ್ನಿನ ನಡು ಅರ್ಧಕ್ಕರ್ಧ ಸವೆದಿದೆ, ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ಮೊಳೆ ಬಗ್ಗಿಸಿ ಹಾಕಿದ್ದಾರೆ. ಆ ಪಿನ್ ಕಳಚಿದರೆ ಪೆಡಲ್ ನೆಲಕ್ಕೆ ಬೀಳುತ್ತದೆ, ಕ್ಲಚ್ ಮಾತ್ರ ಹಿಡಿದೇ ಇರುತ್ತದೆ, ಅಂದರೆ ನೀವು ಬ್ರೇಕ್ ಒತ್ತುತ್ತಿದ್ದರೂ ಎಂಜಿನ್ ಗಾಡಿಯನ್ನು ಮುಂದಕ್ಕೆ ನೂಕುತ್ತಿರುತ್ತದೆ. ಮಂಡಿಯ ಜನಸಂದಣಿಯಲ್ಲಿ ಹೀಗಾಗುವುದನ್ನು ಊಹಿಸಿಕೊಳ್ಳಿ. ಪಿನ್ ಬದಲಾಗುವವರೆಗೆ ಗಾಡಿ ಕದಲಬಾರದು.

ಕೆ.ಜಿ.ಎಫ್. ಸದಸ್ಯರು: ವಿವರಣೆ ಅದ್ಭುತವಾಗಿದೆ. ನನ್ನದೊಂದು ಸಲಹೆ: ಗುಂಡು, ಸಾಕೆಟ್ ಎಲ್ಲವನ್ನೂ ಕಿತ್ತು ಲೇತ್‌ನಲ್ಲಿ ನೈಲಾನ್ ಬುಷ್ ಮಾಡಿಸಿ ಹಾಕಿದರೆ ಕರೆಂಟೂ ಹಾಯುವುದಿಲ್ಲ, ಗ್ರೀಸೂ ಬೇಕಿಲ್ಲ.

ಬೇತಮಂಗಲದ ಸದಸ್ಯರು: ನೈಲಾನ್ ಎಂಬುದು ಸ್ಕೂಟರಿಗೆ ಸರಿ. ಭಾರ ಹೊರುವ ಗಾಡಿಗೆ ಗನ್ ಮೆಟಲ್ (ಒಂದು ಬಗೆಯ ಕಂಚು) ಬುಷ್ಷೇ ಆಗಬೇಕು.

ಕೆ.ಜಿ.ಎಫ್. ಸದಸ್ಯರು: ಗನ್ ಮೆಟಲ್ ಹಾಕಿದವರು ವರ್ಷವಿಡೀ ಗ್ರೀಸ್ ಗನ್ ಹಿಡಿದುಕೊಂಡೇ ಇರಬೇಕಾಗುತ್ತದೆ. ನಮ್ಮ ಊರಿನ ಲೇತ್ ಕೆಲಸದವರು ಗಣಿಯ ಯಂತ್ರಗಳನ್ನು ನೋಡಿ ಬೆಳೆದವರು, ಅವರಿಗೆ ತಾವು ಪಾಠ ಹೇಳುವ ಅಗತ್ಯವಿಲ್ಲ.

ಬೇತಮಂಗಲದ ಸದಸ್ಯರು: ಗಣಿ ಮುಚ್ಚಿದ್ದು 2001ರಲ್ಲಿ. ಅದರ ಹೆಸರು ಹೇಳಿಕೊಂಡು ಇನ್ನೂ ಎಷ್ಟು ಕಾಲ ಬುಷ್ ಮಾರುತ್ತೀರಿ?

ಕೆ.ಜಿ.ಎಫ್. ಸದಸ್ಯರು: ನಾನು ಮಾರುವವನಲ್ಲ. ಸಲಹೆ ಕೊಟ್ಟವರನ್ನು ವ್ಯಾಪಾರಿ ಎನ್ನುವುದು ಯಾವ ಮರ್ಯಾದೆ?

ವೇಮಗಲ್‌ನ ಸದಸ್ಯರು: ಎಫ್.ಸಿ. (ಫಾರ್ವರ್ಡ್ ಕಂಟ್ರೋಲ್) ಮಾದರಿಯ ಹಳೆಯ ಮಹೀಂದ್ರ ಪಿಕಪ್‌ಗೆ ಪ್ರೆಶರ್ ಪ್ಲೇಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆಯೇ? ತಿಳಿದವರು ಹೇಳಬೇಕಾಗಿ ವಿನಂತಿ.

ಬೇತಮಂಗಲದ ಸದಸ್ಯರು: ಮರ್ಯಾದೆಯ ಮಾತು ಆಮೇಲೆ. ಎಗ್ಸಾಸ್ಟ್ ಪಕ್ಕದಲ್ಲಿ ನೈಲಾನ್ ಕರಗಿದರೆ ಯಾರು ಹೊಣೆ ಎಂದು ಮೊದಲು ಹೇಳಿ.

ಮೇಸ್ತ್ರಿ: ಇಬ್ಬರೂ ನಿಲ್ಲಿಸಿ. ನೈಲಾನ್ ಬಿಸಿಗೆ ಮೆತ್ತಗಾಗುತ್ತದೆ, ತೇವ ಹೀರಿ ಉಬ್ಬುತ್ತದೆ. ಪೆಡಲ್ ಶಾಫ್ಟಿಗೆ ಆದೀತು, ಎಗ್ಸಾಸ್ಟ್ ಹತ್ತಿರಕ್ಕೆ ಬೇಡ. ಗನ್ ಮೆಟಲ್ ಗಟ್ಟಿ, ಆದರೆ ಹಳೆಯ ಗ್ರೀಸನ್ನು ಒರೆಸದೆ ಹೊಸದನ್ನು ತುರುಕುತ್ತಿದ್ದರೆ ಧೂಳು ಸೇರಿ ಅದೇ ಶಾಫ್ಟನ್ನು ತಿನ್ನುತ್ತದೆ. ಕರೆಂಟು ಹಾಯದಂತೆ ನೈಲಾನ್ ಹಾಕುವುದು ಪರಿಹಾರವೇ ಅಲ್ಲ, ಆ ಕರೆಂಟು ಆಗ ಆಕ್ಸಿಲರೇಟರ್ ಕೇಬಲ್ಲನ್ನು ಸುಡುತ್ತದೆ. ಶ್ರೀನಿವಾಸಪುರದವರ ಗಾಡಿಗೆ ಬೇಕಾಗಿರುವುದು ಅರ್ತ್ ಪಟ್ಟಿ.

ಮಾಲೂರಿನ ಸದಸ್ಯರು: ಸರ್, ತಾವು ಹೇಳಿದಂತೆ ಬೆರಳಿಟ್ಟು ನೋಡಿದೆವು, ಪೆಡಲ್ ಶಾಫ್ಟಿನಲ್ಲಿ ಸಿಕ್ಕಿತು. ನಿಪ್ಪಲಿನಲ್ಲಿ ಗ್ರೀಸ್ ಹೋಗುತ್ತಿಲ್ಲ. ಇನ್ನೊಂದು ಪ್ರಶ್ನೆ: ಕ್ಲಚ್ ಜಾರಿದರೆ ಕಿಂಡಿಯಿಂದ ಇಟ್ಟಿಗೆ ಪುಡಿಯನ್ನೋ ಸೋಪಿನ ಪುಡಿಯನ್ನೋ ಹಾಕಬೇಕು ಎಂಬ ವಿಡಿಯೊ ಬಂದಿದೆ. ನಮ್ಮೂರಿನಲ್ಲಿ ಇಟ್ಟಿಗೆ ಪುಡಿಗೆ ಬರವಿಲ್ಲ.

ಮೇಸ್ತ್ರಿ: ಇಟ್ಟಿಗೆ ಗೋಡೆಗೆ, ಸೋಪು ಬಟ್ಟೆಗೆ. ಪುಡಿ ಹಾಕಿದರೆ ಫ್ಲೈವೀಲ್ ಮುಖವೂ ಬೇರಿಂಗೂ ಒಟ್ಟಿಗೆ ಹಾಳಾಗುತ್ತವೆ. ನಿಪ್ಪಲನ್ನು ಬಿಚ್ಚಿ, ತಂತಿಯಿಂದ ದಾರಿ ಬಿಡಿಸಿ, ಹೊಸ ನಿಪ್ಪಲ್ ಹಾಕಿ. ಇನ್ನೊಂದು ಎಚ್ಚರಿಕೆ: ಹಳೆಯ ಕ್ಲಚ್ ಲೈನಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಬೆಲ್ ಹೌಸಿಂಗ್ ಬಿಚ್ಚಿದಾಗ ಆ ಧೂಳಿಗೆ ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಉಸಿರಿನಲ್ಲಿ ಒಳಹೋದ ಕಲ್ನಾರು ಹೊರಗೆ ಬರುವುದಿಲ್ಲ.

ಬಂಗಾರಪೇಟೆಯ ಸದಸ್ಯರು: ನಮ್ಮ ಸಂಬಂಧಿಕರೊಬ್ಬರು ಸೀಮೆಎಣ್ಣೆ ಬಿಟ್ಟು ನೋಡಿದ್ದಾರೆ, ಸದ್ದು ನಿಂತಿದೆ. ಮೆಕ್ಯಾನಿಕ್‌ಗಳು ಕೆಲಸ ತಪ್ಪುತ್ತದೆಂದು ಮನೆಮದ್ದುಗಳನ್ನು ಬೇಡವೆನ್ನುತ್ತಾರೆ.

ಮೇಸ್ತ್ರಿ: ಹಾಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಡಿ ಎಂದು ಮಾಲೂರಿನವರಿಗೆ ಏಕೆ ಹೇಳಿದೆ? ನಿಮ್ಮ ಸಂಬಂಧಿಕರ ಗಾಡಿ ಏರಿನಲ್ಲಿ ಜಾರತೊಡಗಿದಾಗ ಬಂದು ಬರೆಯಿರಿ, ಅಲ್ಲಿಯವರೆಗೆ ಈ ವಿಷಯಕ್ಕೆ ನಾನು ಉತ್ತರಿಸುವುದಿಲ್ಲ.

ಮುಳಬಾಗಿಲಿನ ಸದಸ್ಯರು: ಆರಿಸಿ ಒತ್ತಿದೆ ಸರ್, ಸದ್ದಿಲ್ಲ. ಸ್ಟಾರ್ಟ್ ಮಾಡಿ ಒತ್ತಿದರೆ ಸದ್ದು ಬರುತ್ತದೆ. ಕಾರಣವೇನು?

ಮೇಸ್ತ್ರಿ: ಪೆಡಲಿನ ಯಾವ ಹಂತದಲ್ಲಿ ಬರುತ್ತದೆ ಎಂಬುದನ್ನು ನೀವು ಹೇಳದೆ ನಾನು ಹೇಳಲಾರೆ. ಮೇಲಿನ ಉತ್ತರದ ಎರಡನೆಯ ಭಾಗವನ್ನು ಓದಿ.

ವೇಮಗಲ್‌ನ ಸದಸ್ಯರು: ಪ್ರೆಶರ್ ಪ್ಲೇಟ್ ಬಗ್ಗೆ ಯಾರಾದರೂ?

ಶ್ರೀನಿವಾಸಪುರದ ಸದಸ್ಯರು: ಮೇಸ್ತ್ರಿಗಳೇ, ಮೀಟರ್ ಹಿಡಿದು ನೋಡಿದೆವು. ಸ್ಟಾರ್ಟರ್ ತಿರುಗುವಾಗ 1.4 ವೋಲ್ಟ್ ತೋರಿಸುತ್ತದೆ. ಎಂಜಿನ್ ಮುಂಭಾಗದಲ್ಲಿ ಪಟ್ಟಿ ಹಾಕುವ ಬೋಲ್ಟ್ ತೂತು ಇದೆ, ಪಟ್ಟಿ ಇಲ್ಲ. ಮೊಳೆ ಹಾಕಿದ್ದು ತಾನೇ ಎಂದು ನನ್ನ ತಮ್ಮ ಒಪ್ಪಿಕೊಂಡ. ಪಟ್ಟಿ ಹಾಕಿದರೆ ಸದ್ದು ಹೋಗುತ್ತದೆಯೇ?

ಮೇಸ್ತ್ರಿ: ಹೋಗುವುದಿಲ್ಲ. ಪಟ್ಟಿ ಹಾಕಿದರೆ ಮುಂದೆ ಹಾಳಾಗುವುದು ನಿಲ್ಲುತ್ತದೆ, ಆಗಲೇ ಗುಳಿಬಿದ್ದ ಗುಂಡನ್ನೂ ಸಾಕೆಟ್ಟನ್ನೂ ಬದಲಿಸಲೇಬೇಕು. ಮೊದಲು ಪಟ್ಟಿ, ಎರಡೂ ಕಡೆ ಬಣ್ಣ ಕೆರೆದು, ಬ್ಯಾಟರಿ ಕೇಬಲ್ಲಿನಷ್ಟೇ ದಪ್ಪದ್ದು, ಎಂಜಿನ್ ಅಲುಗಲು ಸ್ವಲ್ಪ ಸಡಿಲು ಬಿಟ್ಟು ಹಾಕಿ. ಮತ್ತೆ ಮೀಟರ್ ಹಿಡಿಯಿರಿ. ಆಮೇಲೆ ಪಿನ್, ಗುಂಡು, ಮೌಂಟಿಂಗ್. ಎಲ್ಲ ಮುಗಿದ ನಂತರ ಪೆಡಲಿನಲ್ಲಿ ಸುಮಾರು 25 ಮಿ.ಮೀ. ಫ್ರೀ ಪ್ಲೇ ಬರುವಂತೆ ರಾಡನ್ನು ಸರಿಪಡಿಸಿ. ಹಳೆಯ ಸಡಿಲನ್ನು ನೀಗಿಸಲು ರಾಡನ್ನು ಬಿಗಿಸಿಟ್ಟಿರುತ್ತಾರೆ, ಹೊಸ ಗುಂಡು ಕುಳಿತ ಮೇಲೆ ಅದನ್ನು ಹಾಗೆಯೇ ಬಿಟ್ಟರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ತಿರುಗಿ, ಪ್ಲೇಟ್ ಜಾರತೊಡಗುತ್ತದೆ.

ಶ್ರೀನಿವಾಸಪುರದ ಸದಸ್ಯರು: ಆಗಲಿ. ನಾಳಿನ ಲೋಡಿಗೆ ಬೇರೆ ಗಾಡಿ ಹೇಳಿದ್ದೇವೆ.