ರಹೀಂ ಸಾಹೇಬ್ರು ಆಟಗಾರರಿಗೆ ಹೆಂಗ ಕಲಸ್ತಿದ್ರು?

ಟಿಳಕವಾಡಿ ಹುಡುಗ:
ಎಲ್ಲಾರಿಗೂ ನಮಸ್ಕಾರ್ರಿ. ನಾ ಬೆಳಗಾವಿಯಾಗ ದಿನಾ ಮುಂಜಾನೆ ಆರಕ್ಕ ನಮ್ಮ ಓಣಿ ಹುಡುಗ್ರಿಗೆ ಫುಟ್‌ಬಾಲ್ ಹೇಳಿಕೊಡ್ತೇನ್ರಿ, ಎಲ್ಲಾ 12-13 ವರ್ಷದವ್ರು. ಓಡಾಕ ಏನೂ ಕಡಿಮಿ ಇಲ್ಲ, ಆದ್ರ ಬಾಲ್ ಸಿಕ್ತು ಅಂದ್ರ ಒಬ್ರೂ ಪಾಸ್ ಕೊಡೂದಿಲ್ಲ, ನಾಕ ಮಂದೀನ ದಾಟಿ ತಾನ ಗೋಲ್ ಹೊಡೀಬೇಕಂತ ಹೊಂಟಿರ್ತಾರ, ಐದನೇದವ ಬಾಲ್ ಕಸ್ಕೊಂಡು ಹೋಗ್ತಾನ. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಂ ಸಾಹೇಬ್ರು ಮೊದಲ ಸಾಲಿ ಮಾಸ್ತರ ಇದ್ರಂತ, ಆಮ್ಯಾಲ ಇಂಡಿಯಾ ಟೀಮಿನ ಕೋಚ್ ಆಗಿ 1951ರಾಗ, 1962ರಾಗ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದ್ರು. ಅವ್ರು ಕಲಸೂ ರೀತಿ ಹೆಂಗಿತ್ತು, ಗೊತ್ತಿದ್ದವ್ರು ಹೇಳ್ರಿ.

ವಿಜಯಪುರದ ಕಾಕಾ:
ತಮ್ಮಾ, ನಡುವ 1956ರ ಮೆಲ್ಬೋರ್ನ್ ಒಲಿಂಪಿಕ್ಸ್ ಮರೀಬ್ಯಾಡ, ನಾಕನೇ ಸ್ಥಾನ ಬಂದಿತ್ತು, ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ಮ್ಯಾಲ ಮೂರ ಗೋಲ್ ಹೊಡದ್ರು. ಅದಕ್ಕೂ ನಾಕ ವರ್ಷ ಮೊದಲ ಹೆಲ್ಸಿಂಕಿಯಾಗ ಯುಗೋಸ್ಲಾವಿಯಾ ಕೈಯಾಗ 10-1 ಸೋತಿದ್ವಿ, ನಮ್ಮವ್ರು ಬಾಳ ಮಂದಿ ಬರಿಗಾಲಿಲೆ ಆಡಿದ್ರು. 

ಆದ್ರ ನನಗ ಕರಳಿಗೆ ಹತ್ತೂದು 1962ರ ಜಕಾರ್ತ. ಮೊದಲನೇ ಮ್ಯಾಚೇ ದಕ್ಷಿಣ ಕೊರಿಯಾ ಮ್ಯಾಲ 2-0 ಸೋತ್ರು. ಆಮ್ಯಾಲ ಡಿಫೆಂಡರ್ ಜರ್ನೈಲ್ ಸಿಂಗ್ ತಲಿ ಒಡಕೊಂಡು ಹೊಲಿಗಿ ಹಾಕಿಸ್ಕೊಂಡ್ರು. ರಹೀಂ ಸಾಹೇಬ್ರು ಅವ್ರನ್ನ ಹಿಂದಿನಿಂದ ತಗದು ಸೆಂಟರ್ ಫಾರ್ವರ್ಡ್, ಅಂದ್ರ ಮುಂದ ನಡುವ ನಿಂತು ಗೋಲ್ ಹೊಡ್ಯಾವ, ಅಂತ ನಿಲ್ಲಿಸಿಬಿಟ್ರು! ಸೆಮಿಫೈನಲ್‌ನಾಗ ಒಂದ ಗೋಲ್, ಫೈನಲ್‌ನಾಗ ಇನ್ನೊಂದ. ಮೊದಲ ಸೋಲಿಸಿದ ಕೊರಿಯಾನ ಫೈನಲ್‌ನಾಗ 2-1 ಬಡದ್ರು, ಇನ್ನೊಂದ ಗೋಲ್ ಪಿ.ಕೆ. ಬ್ಯಾನರ್ಜಿದು. ಸಾಹೇಬ್ರು ಕ್ಯಾನ್ಸರ್ ಬ್ಯಾನಿಯಾಗ, ಮುಂದ 1963ರ ಜೂನ್‌ನಾಗ ಹೋಗಿಬಿಟ್ರು. ಆಗಿಂದ ನಮ್ಮ ಟೀಮಿಗೆ ಆ ಚಿನ್ನ ಸಿಕ್ಕೇ ಇಲ್ಲ.

ಜಮಖಂಡಿ ಪಿಟಿ ಮಾಸ್ತರ:
ಕಾಕಾ ಹೇಳಿದ್ದು ಖರೇ, ಆದ್ರ ಇವ್ರು ಕೇಳಿದ್ದು ಕಲಸೂದ್ರ ಬಗ್ಗೆ. ಸಾಹೇಬ್ರು ಎರಡ ನಮೂನಿ ಟೂರ್ನಮೆಂಟ್ ಇಡ್ತಿದ್ರು. ಒಂದರಾಗ ಡ್ರಿಬಲ್ (ಬಾಲ್ ಕಾಲಾಗ ಇಟ್ಕೊಂಡು ಮಂದೀನ ದಾಟೂದು) ಮಾಡೂಹಂಗಿಲ್ಲ, ಬಾಲ್ ಬಂದ ಕೂಡ್ಲೆ ಕೊಡಬೇಕು. ಇನ್ನೊಂದರಾಗ ರೂಢಿ ಇಲ್ಲದ ಕಾಲಿಲೆ ಅಷ್ಟ ಹೊಡೀಬೇಕು. ಹಿಂಗ ತಯಾರ ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ಟೀಮು 1950ರಿಂದ 1954ರ ತನಕ ಸಾಲಾಗಿ ಐದ ಸಲ ಮುಂಬೈಯಾಗ ನಡೀತಿದ್ದ ದೊಡ್ಡ ಟೂರ್ನಮೆಂಟ್ ರೋವರ್ಸ್ ಕಪ್ ಗೆದ್ದೈತಿ.

ನಮ್ಮ ಸಾಲ್ಯಾಗ ನಾ ಶನಿವಾರಕ್ಕೊಮ್ಮೆ ಎಡಗಾಲ ಮ್ಯಾಚ್ ಇಡ್ತೇನಿ. ಬಲಗಾಲಿಗೆ ಕೆಂಪ ರಿಬ್ಬನ್ ಕಟ್ಟೂದು, ಆ ಕಾಲು ಬಾಲಿಗೆ ಹತ್ತಿದ್ರ ಫೌಲ್ (ಎಡಚ ಹುಡುಗ್ರಿಗೆ ಉಲ್ಟಾ). ಮೊದಲನೇ ಶನಿವಾರ ಏಳನೇತ್ತಾ ಹುಡುಗ ಒಬ್ಬ ಎಡಗಾಲು ಬೀಸಿದ, ಬಾಲ್ ಅಲ್ಲೇ ಉಳೀತು, ತಾನು ಮಣ್ಣಾಗ ಕುಂತ, ಅಳೂದೊಂದ ಬಾಕಿ. ಒಂದೂವರಿ ತಿಂಗಳಾದ ಮ್ಯಾಲ ಅವನ ಮೂಲಿಯಿಂದ ಎಡಗಾಲಿಲೆ ಬಾಲ್ ಎತ್ತಿ ಗೋಲ್ ಮುಂದ ಇಟ್ಟ, ಹೊಡದವ ಬ್ಯಾರೆ ಹುಡುಗ, ಇವ ಮಾತ್ರ ರಿಬ್ಬನ್ ಬಿಚ್ಚಿ ಕೈಯಾಗ ಎತ್ತಿ ಹಿಡಕೊಂಡು ಮೈದಾನ ತುಂಬ ಓಡಿದ.

ನಿಮ್ಮ ಹುಡುಗ್ರಿಗೆ ಡ್ರಿಬಲ್ ಪೂರಾ ಬಂದ್ ಮಾಡಬ್ಯಾಡ್ರಿ, ಮ್ಯಾಚಿನ ಕಡೀ 20 ನಿಮಿಷ ಅಷ್ಟ ಬಂದ್ ಮಾಡ್ರಿ.

ಟಿಳಕವಾಡಿ ಹುಡುಗ:
ಮಾಸ್ತರ, ಇದ ಬೇಕಾಗಿತ್ರಿ! ಒಬ್ಬಾವ ಎಷ್ಟ ಸಲ ಬಾಲ್ ಮುಟ್ಟಬಹುದು, ಮೂರ ಸಲ ಇಡ್ಲೇನ್ರಿ?

ಜಮಖಂಡಿ ಪಿಟಿ ಮಾಸ್ತರ:
ಎರಡ ಇಡ್ರಿ. ಒಂದ ನಿಲ್ಲಸಾಕ, ಒಂದ ಕೊಡಾಕ.