ವಿಷಯ: ಮಾದರಿ ವಿಮಾನದ ‘ಶಿಯರ್ ವೆಬ್’ಗೆ ಕನ್ನಡ ಪದ ಬೇಕು, ನಾಳೆ ಅಚ್ಚಿಗೆ

ಚಿಕ್ಕಬಳ್ಳಾಪುರದಿಂದ:

ಎಲ್ಲರಿಗೂ ನಮಸ್ಕಾರ. ಬಾಲ್ಸಾ ಮರದ ಕಿಟ್ಟಿನಿಂದ ರೇಡಿಯೋ ನಿಯಂತ್ರಿತ ವಿಮಾನ ಕಟ್ಟುವ ಕೈಪಿಡಿಯೊಂದು ಹೈಸ್ಕೂಲು ಮಕ್ಕಳಿಗಾಗಿ ಕನ್ನಡಕ್ಕೆ ಬರುತ್ತಿದೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡಾದ ರಿಬ್‌ಗೆ ಪಕ್ಕೆಲುಬು, ರೆಕ್ಕೆಯ ಉದ್ದಕ್ಕೂ ಸಾಗುವ ಕಡ್ಡಿಯಾದ ಸ್ಪಾರ್‌ಗೆ ತೊಲೆ ಎಂದಿಟ್ಟಾಗಿದೆ. ತೊಡಕಿರುವುದು ಶಿಯರ್ ವೆಬ್‌ನಲ್ಲಿ. ಮೇಲಿನ ತೊಲೆಗೂ ಕೆಳಗಿನ ತೊಲೆಗೂ ನಡುವೆ, ಎರಡೆರಡು ಪಕ್ಕೆಲುಬುಗಳ ಸಂದಿಯಲ್ಲಿ ಅಂಟಿಸುವ 1.5 ಮಿ.ಮೀ. ದಪ್ಪದ ತುಂಡು ಅದು. ಕರಡಿನಲ್ಲಿ ಪದಕ್ಕೆ ಪದವಿಟ್ಟು ‘ಕತ್ತರಿ ಜಾಲ’ ಎಂದಿದೆ. ಡೈಹೆಡ್ರಲ್‌ಗೆ, ಅಂದರೆ ರೆಕ್ಕೆ ನಡುವಿನಿಂದ ತುದಿಯತ್ತ ಮೇಲೇರುವ ಕೋನಕ್ಕೆ, ‘ರೆಕ್ಕೆಕೋನ’ ಸಾಕೇ, ಅದನ್ನೂ ತಿಳಿಸಿ.

ತಿಪಟೂರಿನಿಂದ:

‘ಕತ್ತರಿ ಜಾಲ’ ತೆಗೆದುಹಾಕಿ. ಅಲ್ಲಿ ಕತ್ತರಿಯೂ ಇಲ್ಲ, ಜಾಲವೂ ಇಲ್ಲ. ‘ರೆಕ್ಕೆಕೋನ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಕೂಡಿಸಿದ್ದು. ‘ಪಕ್ಕೆಲುಬು’ ಕೂಡ ಬೇಡ. ಪಕ್ಕ ಎಂಬುದು ಪಕ್ಷದ ತದ್ಭವ. ರೆಕ್ಕೆ ನಮ್ಮದೇ ಪದ, ಹಳಗನ್ನಡದ ಎಱಕೆ. ಅದರೊಳಗಿನ ಭಾಗಗಳಿಗೂ ಅಚ್ಚಗನ್ನಡವೇ ಇರಲಿ. ರಿಬ್‌ಗೆ ‘ರೆಕ್ಕೆಯೆಲುಬು’, ವೆಬ್‌ಗೆ ‘ಸೀಳುತಡೆ’.

ಮುಳಬಾಗಿಲಿನಿಂದ:

ತದ್ಭವವೆಂದು ಪಕ್ಕವನ್ನು ಬಿಟ್ಟರೆ ಹಕ್ಕಿಯನ್ನೂ ಬಿಡಬೇಕು, ಅದು ಪಕ್ಷಿಯಿಂದ ಬಂದದ್ದು. ಪಕ್ಷ ಎಂದರೇ ರೆಕ್ಕೆ. ಪಕ್ಕೆಲುಬಿಗಿಂತ ಒಪ್ಪುವ ಪದ ಎಲ್ಲಿದೆ? ತೊಲೆಗೆ ನಮ್ಮ ಸೀಮೆಯಲ್ಲಿ ದೂಲ ಎನ್ನುತ್ತಾರೆ, ಯಾವುದಾದರೂ ಸರಿ.

‘ಸೀಳುತಡೆ’ ಒಪ್ಪಲಾರೆ. ಆ ತುಂಡು ಏಕೆ ಬೇಕು ಎಂಬುದನ್ನು ಹೇಳುತ್ತದೆ, ಹೇಗೆ ಕೂಡಿಸಬೇಕು ಎಂಬುದನ್ನು ಹೇಳುವುದಿಲ್ಲ. ಕೈಪಿಡಿಗೆ ಬೇಕಾದದ್ದು ಎರಡನೆಯದು. ವಿಮಾನ ಗಾಳಿಯಲ್ಲಿ ಮೇಲೆದ್ದು ಸುತ್ತು (ಲೂಪ್) ಹೊಡೆಯುವಾಗ ರೆಕ್ಕೆ ಮೇಲಕ್ಕೆ ಬಾಗುತ್ತದೆ. ಮೇಲಿನ ತೊಲೆ ಒತ್ತಡಕ್ಕೆ, ಕೆಳಗಿನದು ಎಳೆತಕ್ಕೆ ಸಿಗುತ್ತದೆ. ಎರಡನ್ನೂ ದೂರ ಹಿಡಿದಿಡುವುದು ಈ ತುಂಡು. ಅದರ ಮರದ ಎಳೆ ತೊಲೆಯಿಂದ ತೊಲೆಗೆ ನಿಂತಿರಬೇಕು. ಎಳೆ ಮಲಗಿದ್ದರೆ ಬಾಲ್ಸಾ ಎಳೆಯ ಗುಂಟ ಸೀಳುತ್ತದೆ, ಮೇಲಿನ ತೊಲೆ ಸೊಟ್ಟಗಾಗುತ್ತದೆ, ರೆಕ್ಕೆ ಗಾಳಿಯಲ್ಲೇ ಮಡಚಿಕೊಳ್ಳುತ್ತದೆ. ಹೊದಿಕೆ ಹಾಕಿದ ಮೇಲೆ ಈ ತಪ್ಪು ಕಣ್ಣಿಗೂ ಬೀಳದು. ಅದಕ್ಕೇ ‘ನಿಲುಹಲಗೆ’ ಎನ್ನಿ. ಹೆಸರು ಓದಿದ ಮಗುವಿಗೆ ಎಳೆ ನಿಲ್ಲಿಸಬೇಕೆಂದು ಗೊತ್ತಾಗಲಿ.

ಕೊಯ್ಯುವ ಕ್ರಮವನ್ನೂ ಬರೆಯಿರಿ. ತೊಲೆಗಳ ನಡುವಿನ ಎತ್ತರ 25 ಮಿ.ಮೀ., ಪಕ್ಕೆಲುಬುಗಳ ಸಂದಿ 60 ಮಿ.ಮೀ. ಎಂದುಕೊಳ್ಳಿ. 75 ಮಿ.ಮೀ. ಅಗಲದ ಬಾಲ್ಸಾ ಹಾಳೆಯ ಉದ್ದಕ್ಕೆ 25 ಮಿ.ಮೀ.ಗೊಂದು ಗುರುತು ಹಾಕಿ, ಎಳೆಗೆ ಅಡ್ಡವಾಗಿ ಕೊಯ್ದು, ಬಂದ ಪಟ್ಟಿಯನ್ನು 60ಕ್ಕೆ ತುಂಡರಿಸಬೇಕು. ಮಕ್ಕಳು ಸುಲಭವೆಂದು ಹಾಳೆಯ ಉದ್ದಕ್ಕೇ 25ರ ಪಟ್ಟಿ ಸೀಳಿ 60ಕ್ಕೆ ಕತ್ತರಿಸುತ್ತಾರೆ. ಅಳತೆ ಸರಿ ಕೂರುತ್ತದೆ, ಎಳೆ ಮಲಗಿರುತ್ತದೆ. 1 ಮಿ.ಮೀ. ಗಿಡ್ಡವಾದ ತುಂಡನ್ನು ಅಂಟು ತುಂಬಿ ಕೂರಿಸುವುದೂ ಬೇಡ. ಭಾರವೆಲ್ಲ ಅಂಟಿನ ಮೇಲೆ ಬೀಳುತ್ತದೆ.

ತುಮಕೂರಿನಿಂದ:

ಇಷ್ಟೆಲ್ಲ ಏಕೆ? ಸ್ಪಾರ್, ರಿಬ್, ಶಿಯರ್ ವೆಬ್ ಎಂದೇ ಬಿಡಿ. ಗುಬ್ಬಿ ತಾಲೂಕಿನಲ್ಲಿ 2023ರಿಂದ ಹೆಲಿಕಾಪ್ಟರ್ ಕಾರ್ಖಾನೆಯಿದೆ. ನಾಳೆ ಅಲ್ಲಿ ಕೆಲಸ ಕೇಳಲು ಹೋಗುವ ಹುಡುಗನಿಗೆ ನಿಲುಹಲಗೆಯಿಂದ ಏನು ಉಪಯೋಗ? ಬಸ್ಸು, ರೈಲು, ಪೆನ್ನು ಎಲ್ಲ ಕನ್ನಡವಾಗಿವೆ, ಇವೂ ಆಗುತ್ತವೆ.

ತಿಪಟೂರಿನಿಂದ:

ಬಸ್ಸು ಕಣ್ಣೆದುರು ಬಂದು ನಿಂತಿತು, ಹೆಸರೂ ಜೊತೆಗೇ ಬಂತು. ಶಿಯರ್ ವೆಬ್ ಹಾಗಲ್ಲ, ಅದು ಇಂಗ್ಲಿಷ್ ಓದಿದವರಿಗೂ ವಿವರಿಸದೆ ತಿಳಿಯದು. ತೊಲೆ, ಕಚ್ಚು, ಕೀಲು ಇರುವ ಭಾಷೆ ಮರದ ಕೆಲಸಕ್ಕೆ ಕೈಚಾಚಬೇಕಿಲ್ಲ. ‘ನಿಲುಹಲಗೆ’ ಒಪ್ಪಿದೆ. ‘ದೂಲ’ ಒಪ್ಪುವುದಿಲ್ಲ, ಅದು ತೆಲುಗಿನದು.

ಮುಳಬಾಗಿಲಿನಿಂದ:

ತೆಲುಗಿನಲ್ಲಿ ದೂಲಮು ಇದ್ದ ಮಾತ್ರಕ್ಕೆ ದೂಲ ನಮ್ಮದಲ್ಲ ಎನ್ನುವುದು ಯಾವ ವ್ಯಾಕರಣ? ಕೋಲಾರದ ಬಡಗಿ ಎರಡೂ ಭಾಷೆ ಆಡುತ್ತಾನೆ. ಅವನ ಪದಗಳನ್ನು ಜರಡಿ ಹಿಡಿದರೆ ನಿಮಗೆ ಉಳಿಯುವುದು ನಿಘಂಟು ಮಾತ್ರ.

ಶಿಡ್ಲಘಟ್ಟದಿಂದ:

ಡೈಹೆಡ್ರಲ್ ಯಾರಿಗೂ ನೆನಪಿಲ್ಲ. ‘ರೆಕ್ಕೆಯೇರು’ ಎನ್ನಿ ಮೇಡಂ. ಪದಕ್ಕಿಂತ ಅಳತೆಯ ಮಾತು ಮುಖ್ಯ. ಒಂದೊಂದು ಬದಿಗೆ 3 ಡಿಗ್ರಿಯೋ, ಎರಡೂ ಸೇರಿ 3 ಡಿಗ್ರಿಯೋ ಎಂದು ಬಿಡಿಸಿ ಹೇಳಿ. ಅರ್ಧ ರೆಕ್ಕೆ 750 ಮಿ.ಮೀ. ಇದ್ದು, ಬದಿಗೆ 3 ಡಿಗ್ರಿ ಬೇಕಾದರೆ, ಒಂದು ಅರ್ಧವನ್ನು ಮೇಜಿಗೆ ಚಪ್ಪಟೆಯಾಗಿ ಒತ್ತಿಟ್ಟು ಇನ್ನೊಂದರ ತುದಿಯನ್ನು 78 ಮಿ.ಮೀ. ಎತ್ತಬೇಕು. ಎರಡೂ ತುದಿ ಎತ್ತುವುದಾದರೆ ತಲಾ 39. ‘ತುದಿಗಳನ್ನು 78 ಎತ್ತಿ’ ಎಂದು ಬಹುವಚನದಲ್ಲಿ ಬರೆದರೆ ಏರು ಇಮ್ಮಡಿಯಾಗಿ, ವಿಮಾನ ಅತ್ತಿತ್ತ ಓಲಾಡುತ್ತದೆ. ನಡು ಬೆಸುಗೆಗೆ 3 ಮಿ.ಮೀ. ಪ್ಲೈವುಡ್ ಪಟ್ಟಿ, 30 ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು. ಥಟ್ಟನೆ ಅಂಟುವ ಸಯನೋ ಅಂಟು ಅಲ್ಲಿಗೆ ಬೇಡ, ಪೆಟ್ಟು ಬಿದ್ದರೆ ಬಿರಿಯುತ್ತದೆ.

ಚಿಕ್ಕಬಳ್ಳಾಪುರದಿಂದ:

ಎಲ್ಲರಿಗೂ ವಂದನೆ. ಪಕ್ಕೆಲುಬು, ತೊಲೆ, ನಿಲುಹಲಗೆ, ರೆಕ್ಕೆಯೇರು ಇಟ್ಟುಕೊಂಡಿದೆ. ಪ್ರತಿಯೊಂದೂ ಮೊದಲ ಸಲ ಬರುವಲ್ಲಿ ಇಂಗ್ಲಿಷ್ ಹೆಸರು ಕನ್ನಡ ಲಿಪಿಯಲ್ಲಿ ಜೊತೆಗಿರುತ್ತದೆ. ವಾಕ್ಯ ಹೀಗಿದೆ: ‘ನಿಲುಹಲಗೆಯನ್ನು 25 ಮಿ.ಮೀ. ಎತ್ತರಕ್ಕೆ, ಎಳೆ ನಿಂತಿರುವಂತೆ ಕೊಯ್ದು ಅಂಟಿಸಿ.’

ಮುಳಬಾಗಿಲಿನಿಂದ:

ನಕ್ಷೆ ಇನ್ನೊಮ್ಮೆ ನೋಡಿ. 25 ಸರಿಯಾಗುವುದು ಹಲಗೆ ತೊಲೆಗಳ ನಡುವೆ ಕೂರುವುದಾದರೆ ಮಾತ್ರ. ತೊಲೆಗಳ ಮುಂಬದಿಗೆ ಅಂಟಿಸುವ ಕಿಟ್ಟಾದರೆ 6 ಮಿ.ಮೀ.ನ ಎರಡು ತೊಲೆಗಳನ್ನೂ ಸೇರಿಸಿ 37 ಎಂದು ತಿದ್ದಿ.